ಎಂಟು ತಾಸು ಮೀರಿದ ದುಡಿಮೆ

ನಮ್ಮ ಅಬ್ಬಾ ಸರಕಾರಿ ಬಸ್ಸಿನ ಕಂಡಕ್ಟರ್. ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರಿಯಲ್ಲಿ ಅವರ ಡ್ಯೂಟಿ. ರಾತ್ರಿ ತಡವಾಗಿ ಬಂದರೆ ‘ಇವತ್ತು ಓಟಿ ಆಯ್ತು’ ಎನ್ನುತ್ತಾರೆ. ಓಟಿ ಎಂದರೇನೆಂದು ಓದಿ ನೋಡಿದೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ತಾಸಿನ ಮಿತಿ ಹಾಕಿತು. ಎಂಟು ತಾಸು ಮೀರಿದ ದುಡಿಮೆಗೆ ದುಪ್ಪಟ್ಟು ವೇತನ ಎಂದಿತು. 2019ರ ವೇತನ ಸಂಹಿತೆಯೂ ದುಪ್ಪಟ್ಟಿಗಿಂತ ಕಡಿಮೆ ಕೊಡಬಾರದು ಎನ್ನುತ್ತದೆ.

ಲೆಕ್ಕ ಹೀಗೆ: ತಾಸಿಗೆ 100 ರೂಪಾಯಿಯಂತೆ 10 ತಾಸು ದುಡಿದರೆ 800 ಮತ್ತು 400, ಒಟ್ಟು 1,200 ರೂಪಾಯಿ. ಎಲ್ಲ ತಾಸಿಗೂ ಒಂದೇ ದರ ಹಿಡಿದರೆ 200 ರೂಪಾಯಿ ಕೈತಪ್ಪುತ್ತದೆ.

ಈಗ ಅಬ್ಬಾ ಡ್ಯೂಟಿಯ ವೇಳೆ ಹೇಳುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಗೆಳೆಯರೇ, ನೀವೂ ನಿಮ್ಮ ಮನೆಯವರ ತಾಸಿನ ಲೆಕ್ಕ ಬರೆದಿಡಿ.