ಡೀಸೆಲ್ ಕಾರಿನ ಲೆಕ್ಕ ಎಷ್ಟು ಕಿಲೋಮೀಟರಿಗೆ ಕೂಡುತ್ತದೆ?

ಡೀಸೆಲ್ ಕಾರು ಕೊಳ್ಳುವವರಿಗೆ 2012 ಸುಗ್ಗಿಯ ವರ್ಷ. ಆ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು, ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಪೆಟ್ರೋಲ್ ದರದ ಮೇಲಿನ ಹಿಡಿತವನ್ನು ಕೇಂದ್ರ ಸರ್ಕಾರ 2010ರಲ್ಲೇ ಸಡಿಲಿಸಿತ್ತು. ಡೀಸೆಲ್ ದರವನ್ನು ಪೂರ್ತಿ ಬಿಟ್ಟುಕೊಟ್ಟದ್ದು 2014ರ ಅಕ್ಟೋಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ಲಾರಿ, ಬಸ್ಸು, ರೈತರ ಹೆಸರಿನ ಸಬ್ಸಿಡಿಯಲ್ಲಿ ನಮ್ಮಂಥ ಸಂಬಳದವರೂ ಹಾಯಾಗಿ ಕಾರು ಓಡಿಸಿದೆವು.

ನನ್ನ ಡೀಸೆಲ್ ಸ್ವಿಫ್ಟ್ ಆ ಕಾಲದ್ದೇ. ಒಳಗಿರುವುದು ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಇಂಜಿನ್. ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಕಾರಿನಲ್ಲಿ ಅದೇ ಇದ್ದುದರಿಂದ ಜನ ಅದಕ್ಕೆ ‘ರಾಷ್ಟ್ರೀಯ ಇಂಜಿನ್’ ಎಂದೇ ಹೆಸರಿಟ್ಟಿದ್ದರು. ಕೆಲಸ ಬೆಂಗಳೂರಿನಲ್ಲಿ, ಊರು ಹಾಸನದ ಕಡೆ. ಹೆದ್ದಾರಿಯಲ್ಲಿ ಅದು ಲೀಟರಿಗೆ 20 ಕಿಲೋಮೀಟರ್ ಕೊಡದೆ ಇದ್ದದ್ದು ಅಪರೂಪ.

ಬಾಳಿಕೆಯ ಮಾತೂ ಸುಳ್ಳಲ್ಲ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಅದಕ್ಕೆ ಇಂಧನ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಾಳಲು ಬ್ಲಾಕು, ಕ್ರ್ಯಾಂಕು ಎಲ್ಲ ದಪ್ಪಗಿರಬೇಕು. ಬಿಡದಿಯಲ್ಲಿ ತಯಾರಾದ ಇನ್ನೋವಾಗಳು ಮೂರು ಲಕ್ಷ ಕಿಲೋಮೀಟರ್ ದಾಟಿಯೂ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ದುಡಿಯುವುದನ್ನು ಯಾರು ಬೇಕಾದರೂ ನೋಡಬಹುದು. ಆದರೆ ನನ್ನ ಮೆಕ್ಯಾನಿಕ್ ಹೇಳುವುದು ಬೇರೆ: “ಇಂಜಿನ್ ಗಟ್ಟಿ ಸಾರ್. ಅದರ ಸುತ್ತ ಇರೋದೇ ದುಡ್ಡು ತಿನ್ನೋದು.” ಟರ್ಬೊ, ಇಂಜೆಕ್ಟರ್, ಕ್ಲಚ್ಚು ಎಲ್ಲಕ್ಕೂ ಬಿಲ್ಲು ಕೈ ಸುಡುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಆ ‘ಸುತ್ತ ಇರೋದು’ ಇನ್ನೂ ಬೆಳೆಯಿತು. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಕೂತಿದೆ. ಕಾರು ಆಗಾಗ ಒಂದಿಷ್ಟು ಹೊತ್ತು ವೇಗವಾಗಿ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ ಆಯುಷ್ಯ ಕಳೆಯುವ ಕಾರಿಗೆ ಆ ಭಾಗ್ಯ ಎಲ್ಲಿ?

ಈಗ ಲೆಕ್ಕ. ಒಂದೇ ಮಾದರಿಯ ಪೆಟ್ರೋಲ್ ಕಾರು 9.5 ಲಕ್ಷ, ಡೀಸೆಲ್ 10.7 ಲಕ್ಷ ಎಂದುಕೊಳ್ಳಿ. ವ್ಯತ್ಯಾಸ 1.2 ಲಕ್ಷವಷ್ಟೇ ಎಂದು ಶೋರೂಮಿನವರು ಹೇಳುತ್ತಾರೆ. ಆದರೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇ 14, ಅದನ್ನು ದಾಟಿದರೆ 20 ಲಕ್ಷದವರೆಗೆ ಶೇ 17. ಪೆಟ್ರೋಲ್ ಕಾರಿಗೆ 1.33 ಲಕ್ಷ ತೆರಿಗೆಯಾದರೆ ಡೀಸೆಲಿಗೆ 1.82 ಲಕ್ಷ. ಸೆಸ್ ಬಿಟ್ಟರೂ ಒಟ್ಟು ಅಂತರ 1.69 ಲಕ್ಷಕ್ಕೆ ಬಂತು.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿಗೆ ಬಂತು. ಪೆಟ್ರೋಲ್ 103ರ ಹತ್ತಿರ ಇತ್ತು. ಡೀಸೆಲ್ 20, ಪೆಟ್ರೋಲ್ 16 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ ಉಳಿಯುವುದು 1 ರೂಪಾಯಿ 90 ಪೈಸೆ. ಅಂದರೆ ಹೆಚ್ಚಿಗೆ ಕೊಟ್ಟ ಹಣ ವಾಪಸು ಬರಲು ಸುಮಾರು 90,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ 1,000 ಓಡಿಸುವವರಿಗೆ ಏಳೂವರೆ ವರ್ಷ, 3,000 ಓಡಿಸುವವರಿಗೆ ಎರಡೂವರೆ. 2012ರ ಆ ದೆಹಲಿ ದರದಲ್ಲಿ ಇದೇ ಮೈಲೇಜಿಗೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ ಉಳಿಯುತ್ತಿತ್ತು. ಸಾಲದ ಬಡ್ಡಿಯನ್ನು ನಾನಿಲ್ಲಿ ಸೇರಿಸಿಲ್ಲ. ಸೇರಿಸಿದರೆ ಡೀಸೆಲ್ ಪರ ವಾದ ಇನ್ನಷ್ಟು ಸೊರಗುತ್ತದೆ.

ಆಯ್ಕೆಯೂ ಕುಗ್ಗಿದೆ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿತು, ಹೋಂಡಾ 2023ರಲ್ಲಿ. ಮಹೀಂದ್ರ, ಟಾಟಾ, ಹ್ಯುಂಡೈ, ಕಿಯಾ, ಟೊಯೊಟಾ ಉಳಿದಿವೆ, ಅವರಲ್ಲೂ ಬಹುಪಾಲು ಎಸ್‌ಯುವಿಗಳೇ. ಸಣ್ಣ ಕುಟುಂಬದ ಹ್ಯಾಚ್‌ಬ್ಯಾಕಿಗೆ ಡೀಸೆಲ್ ಹುಡುಕುವವರಿಗೆ ಹೊಸದರಲ್ಲಿ ಆಯ್ಕೆ ತೀರಾ ಕಡಿಮೆ, ಸೆಕೆಂಡ್ ಹ್ಯಾಂಡ್ ಕಡೆಗೂ ನೋಡಬೇಕು. ಅಲ್ಲೊಂದು ಎಚ್ಚರ: ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ನಿಷೇಧ ಹೇರಿದ ಮೇಲೆ ಅಲ್ಲಿಯ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಬರುತ್ತಿವೆ. ಎನ್‌ಒಸಿ ಇದೆಯೇ, ಇಲ್ಲಿ ಮರುನೋಂದಣಿಗೆ ಎಷ್ಟು ತೆರಿಗೆ ಬೀಳುತ್ತದೆ ಎಂದು ಆರ್‌ಟಿಒದಲ್ಲಿ ವಿಚಾರಿಸಿದ ನಂತರವೇ ಮುಂಗಡ ಕೊಡಿ.

ಸಕಲೇಶಪುರದಲ್ಲಿ ಕಾಫಿ ತೋಟ ಮಾಡುವ ನಮ್ಮ ಭಾವ ಈ ಲೆಕ್ಕ ನೋಡಿ ಬೊಲೆರೊ ಬುಕ್ ಮಾಡಿದರು. ಗೊಬ್ಬರ, ಕೂಲಿಯಾಳು, ಘಾಟಿ ರಸ್ತೆ, ವಾರಕ್ಕೆರಡು ಸಲ ಹಾಸನ: ಅವರಿಗೆ ಅದೇ ಸರಿ. ಈಗ ಮನೆಯಿಂದಲೇ ಕೆಲಸ ಮಾಡುವ ನನಗೆ ತಿಂಗಳಿಗೆ 600 ಕಿಲೋಮೀಟರ್ ಆದರೆ ಹೆಚ್ಚು. ಸ್ವಿಫ್ಟ್‌ನ ಆರ್‌ಸಿ ಅವಧಿ ಮುಗಿದಾಗ ನಾನು ಕೊಳ್ಳುವುದು ಪೆಟ್ರೋಲ್ ಕಾರನ್ನೇ.