ಚಿಪ್ಪು ಬಿಟ್ಟು ಹೊರಬಂದ ಹರ್ಮಿಟ್ ಏಡಿ: ಗಾಬರಿ ಬೇಡ, ಗಡಿಬಿಡಿಯೂ ಬೇಡ

ಟ್ಯಾಂಕಿನಲ್ಲಿ ಖಾಲಿ ಶಂಖ ಒಂದು ಕಡೆ, ಬೆತ್ತಲೆ ಏಡಿ ಇನ್ನೊಂದು ಕಡೆ. ಹರ್ಮಿಟ್ ಏಡಿ ಸಾಕುವವರಿಗೆ ಇದಕ್ಕಿಂತ ದೊಡ್ಡ ಎಮರ್ಜೆನ್ಸಿ ಇನ್ನೊಂದಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂದ್ರೆ ಏಡಿಯನ್ನು ಹಿಡಿದು ಶಂಖದೊಳಗೆ ತುರುಕೋಕೆ ನೋಡೋದು. ಬದುಕಬಹುದಾಗಿದ್ದ ಏಡಿಯೂ ಎಷ್ಟೋ ಸಲ ಇದರಿಂದಲೇ ಸಾಯುತ್ತದೆ. ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಯಾಕೆ ಹಾಗೆ ಮಾಡಬೇಕು ಅನ್ನೋದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಈ ಏಡಿ ಸಾಕುವ ಹವ್ಯಾಸ ಹೆಚ್ಚಾಗಿರುವುದು ಅಮೆರಿಕದಲ್ಲಿ. ನಾಳೆ ಎಂಎಸ್‌ಗೆ ಅಂತ ಫ್ಲೋರಿಡಾ ಕಡೆ ಹೋದವರಿಗೆ ಕಡಲತೀರದ ಗಿಫ್ಟ್ ಅಂಗಡಿಗಳಲ್ಲಿ, ಬಣ್ಣ ಬಳಿದ ಶಂಖ ಹೊತ್ತು ಓಡಾಡುವ ಪುಟ್ಟ ಏಡಿಗಳು ಕಣ್ಣಿಗೆ ಬೀಳುತ್ತವೆ. ನಾಯಿ, ಬೆಕ್ಕಿನ ಹಾಗೆ ಕೆಲಸ ಇಲ್ಲ, ರೂಮಿನಲ್ಲೇ ಇಟ್ಕೋಬಹುದು ಎಂದು ಹೇಳಿ ಮಾರುತ್ತಾರೆ. ಕೆಲಸ ಇಲ್ಲ ಅನ್ನೋದು ಸುಳ್ಳು. ಸರಿಯಾದ ಜಾಗದಲ್ಲಿ 30 ವರ್ಷಕ್ಕೂ ಹೆಚ್ಚು ಬದುಕಬಲ್ಲ ಈ ಜೀವ, ಸಾಕಿದವರ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಸಾಯುವುದು ಸಾಮಾನ್ಯ.

ಇದರ ಮೈಕಟ್ಟು ಹೇಗಿದೆ?

ಹರ್ಮಿಟ್ ಏಡಿಯನ್ನು ಕನ್ನಡದಲ್ಲಿ ಸನ್ಯಾಸಿ ಏಡಿ ಅಂತಲೂ ಕರೆಯುತ್ತಾರೆ. ಸಾಕುವವು ಹೆಚ್ಚಾಗಿ ಸೀನೊಬಿಟಾ ಕುಲಕ್ಕೆ ಸೇರಿದ ನೆಲದ ಏಡಿಗಳು. ಮುಂಭಾಗ ಗಟ್ಟಿ, ಇಕ್ಕಳದಂಥ ಎರಡು ಕೈ, ನಡೆಯೋಕೆ ಎರಡು ಜೊತೆ ಕಾಲು. ಹಿಂಭಾಗ ಮಾತ್ರ ಪೂರ್ತಿ ಮೆತ್ತಗೆ. ಶಂಖದ ಸುರುಳಿಗೆ ಹೊಂದುವ ಹಾಗೆ ಹೊಟ್ಟೆ ಒಂದು ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಅದರ ತುದಿಯ ಕೊಕ್ಕೆಗಳು ಶಂಖದ ನಡುಗಂಬವನ್ನು ಹಿಡಿದುಕೊಳ್ಳುತ್ತವೆ. ಉಳಿದ ಎರಡು ಜೊತೆ ಪುಟ್ಟ ಕಾಲುಗಳೂ ಒಳಗಿನಿಂದ ಶಂಖವನ್ನು ಒತ್ತಿ ಹಿಡಿಯುತ್ತವೆ. ಹಿಡಿದೆಳೆದರೆ ಏಡಿ ಬಿಡೋದಿಲ್ಲ, ಮೈ ಹರಿದುಹೋಗುತ್ತದೆ. ಆದ್ದರಿಂದ ಎಳೆಯುವ ಮಾತೇ ಬೇಡ.

ಶಂಖ ಅದು ಹುಟ್ಟಿನಿಂದ ಪಡೆದದ್ದಲ್ಲ. ಸತ್ತ ಶಂಖದ ಹುಳುವಿನ ಖಾಲಿ ಮನೆಯನ್ನು ಹುಡುಕಿ ಸೇರಿಕೊಂಡದ್ದು. ಆದರೂ ಅದು ಬರೀ ಮನೆಯಲ್ಲ, ಲೈಫ್ ಸಪೋರ್ಟ್ ಸಿಸ್ಟಮ್ ಕೂಡ. ನೆಲದ ಮೇಲೆ ಬದುಕಿದರೂ ಇದು ಉಸಿರಾಡುವುದು ಕಿವಿರು ಮತ್ತು ಹೊಟ್ಟೆಯ ತೆಳುಚರ್ಮದಿಂದ. ಇವೆರಡೂ ಒದ್ದೆಯಾಗಿದ್ದರೆ ಮಾತ್ರ ಆಮ್ಲಜನಕ ಒಳಗೆ ಹೋಗುತ್ತದೆ. ಅದಕ್ಕಾಗಿ ಏಡಿ ಶಂಖದೊಳಗೆ ಸ್ವಲ್ಪ ನೀರನ್ನು ಸದಾ ಹೊತ್ತುಕೊಂಡೇ ತಿರುಗುತ್ತದೆ. ಶಂಖ ಬಿಟ್ಟಿತು ಅಂದ್ರೆ ಆ ನೀರೂ ಹೋಯಿತು. ಒಣ ಗಾಳಿಯಲ್ಲಿ ಮೈ ಒಣಗಿ, ನಿಧಾನಕ್ಕೆ ಉಸಿರುಕಟ್ಟುತ್ತದೆ. ಹಾಗಾಗಿ ನಮ್ಮ ಮೊದಲ ಗುರಿ ಏಡಿಯನ್ನು ಶಂಖಕ್ಕೆ ಸೇರಿಸುವುದಲ್ಲ, ಒಣಗದಂತೆ ನೋಡಿಕೊಳ್ಳುವುದು.

ಯಾಕೆ ಹೊರಗೆ ಬರುತ್ತದೆ?

ಹುಚ್ಚಾಟಕ್ಕೆ ಯಾವ ಹರ್ಮಿಟ್ ಏಡಿಯೂ ಶಂಖ ಬಿಡೋದಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ವುಡ್ ಮತ್ತು ಮಿರಿಯಮ್ ಅಪೆಲ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಮುದ್ರದ ಹರ್ಮಿಟ್ ಏಡಿಗಳಿಗೆ ಶಂಖದೊಳಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟಾಗ, ಇಷ್ಟವಿಲ್ಲದ ಜಾತಿಯ ಶಂಖದಲ್ಲಿದ್ದವು ಬೇಗ ಹೊರಬಂದವು. ಇಷ್ಟದ ಶಂಖದಲ್ಲಿದ್ದವು ಹೆಚ್ಚು ಸಹಿಸಿಕೊಂಡವು. ಅಂದರೆ ಏಡಿ ಒಳಗಿನ ಕಷ್ಟ ಮತ್ತು ಹೊರಗಿನ ಅಪಾಯ ಎರಡನ್ನೂ ತೂಗಿ ನೋಡುತ್ತದೆ. ಅದು ಬೆತ್ತಲೆಯಾಗಿ ಕೂತಿದೆ ಅಂದ್ರೆ ಒಳಗಿರುವುದು ಹೊರಗಿರುವುದಕ್ಕಿಂತ ಕಷ್ಟ ಅನ್ನಿಸಿದೆ ಅಂತ ಅರ್ಥ.

ಆ ಕಷ್ಟ ಇವುಗಳಲ್ಲಿ ಒಂದಾಗಿರಬಹುದು:

- ಗಾಳಿ ತೀರಾ ಒಣಗಿದೆ, ಅಥವಾ ಟ್ಯಾಂಕ್ ತೀರಾ ಬಿಸಿಯಾಗಿದೆ.
- ಶಂಖ ಚಿಕ್ಕದಾಗಿದೆ, ಒಡೆದಿದೆ, ಇಲ್ಲವೇ ಒಳಗೆ ಬಣ್ಣದ ಚಕ್ಕೆ, ಮರಳು, ಸಣ್ಣ ಹುಳ ಸೇರಿಕೊಂಡಿದೆ.
- ಇನ್ನೊಂದು ಏಡಿ ಜಗಳವಾಡಿ ಹೊರಗಟ್ಟಿದೆ.
- ಸೊಳ್ಳೆ ಕಾಯಿಲ್, ಪೇಂಟ್, ಫಿನೈಲ್‌ನಂಥ ಹೊಗೆ, ವಾಸನೆ ಟ್ಯಾಂಕಿಗೆ ಹೋಗಿದೆ.
- ಪೊರೆ ಬಿಡುವ ಹೊತ್ತಲ್ಲಿ ತೊಂದರೆಯಾಗಿದೆ, ಅಥವಾ ಏಡಿ ತೀರಾ ನಿತ್ರಾಣವಾಗಿದೆ.

ಕಾರಣ ಸರಿಮಾಡದೆ ಏಡಿಯನ್ನು ವಾಪಸ್ ಒಳಗೆ ಕಳಿಸೋದು, ಶಾರ್ಟ್ ಸರ್ಕ್ಯೂಟ್ ಹುಡುಕದೆ ಫ್ಯೂಸ್ ಬದಲಾಯಿಸಿದ ಹಾಗೆ. ಮತ್ತೆ ಹಾರುತ್ತದೆ, ಅಷ್ಟೇ.

ಮೊದಲು ಖಚಿತ ಮಾಡಿಕೊಳ್ಳಿ: ಏಡಿಯೋ, ಪೊರೆಯೋ?

ಏಡಿ ಬೆಳೆಯಬೇಕಾದರೆ ಹಳೆಯ ಪೊರೆ ಕಳಚಬೇಕು. ಸಾಮಾನ್ಯವಾಗಿ ಮರಳಿನೊಳಗೆ ಹೂತುಕೊಂಡು ವಾರಗಟ್ಟಲೆ, ದೊಡ್ಡ ಏಡಿಯಾದರೆ ತಿಂಗಳುಗಟ್ಟಲೆ ಈ ಕೆಲಸ ಮಾಡುತ್ತದೆ. ಕೆಲವೊಮ್ಮೆ ಮರಳಿನ ಮೇಲೆಯೇ ಕಳಚುತ್ತದೆ. ಆಗ ನೋಡಿದವರಿಗೆ ಸತ್ತ ಏಡಿಯ ಹಾಗೇ ಕಾಣುತ್ತದೆ. ಪೊರೆಯಾದರೆ ಹಗುರ, ಟೊಳ್ಳು, ಕಣ್ಣು ಪಾರದರ್ಶಕ. ಅದನ್ನು ಎಸೀಬೇಡಿ. ಹೊಸ ಮೈ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂಗಾಗಿ ಏಡಿ ಅದನ್ನೇ ತಿನ್ನುತ್ತದೆ.

ಪೊರೆಯ ಪಕ್ಕದಲ್ಲಿ ಮೆತ್ತಗಿನ, ಮಂಕು ಬಣ್ಣದ ಏಡಿ ಕಂಡರೆ ಮುಟ್ಟಲೇಬೇಡಿ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಅದರ ಸುತ್ತ ಮರಳಿಗೆ ಒತ್ತಿ, ಬಾಯಿ ತೆರೆದೇ ಬಿಟ್ಟು, ಬೇರೆ ಏಡಿಗಳು ಹತ್ತಿರ ಬಾರದಂತೆ ಮಾಡಿ. ಅದರ ಶಂಖವನ್ನು ಪಕ್ಕದಲ್ಲೇ ಇಟ್ಟು ಕತ್ತಲು ಮಾಡಿ. ಕೆಟ್ಟ ಮೀನಿನಂಥ ವಾಸನೆ ಬಂದರೆ ಮಾತ್ರ ಸತ್ತಿದೆ ಅಂತ ತಿಳಿಯಬಹುದು. ಅಲ್ಲಾಡುತ್ತಿಲ್ಲ ಅನ್ನೋದೊಂದೇ ಸಾವಿನ ಗುರುತಲ್ಲ.

ಈಗ ಮಾಡಬೇಕಾದ್ದು

1. ಬೇರೆ ಮಾಡಿ. ಒದ್ದೆ ಚಮಚದಿಂದ ಏಡಿಯನ್ನು ಮೆಲ್ಲಗೆ ಎತ್ತಿ, ಮುಚ್ಚಳವಿರುವ ಸಣ್ಣ ಡಬ್ಬಿಗೆ ಹಾಕಿ. ಅಡಿಯಲ್ಲಿ ಕ್ಲೋರಿನ್ ಇಲ್ಲದ ನೀರಲ್ಲಿ ನೆನೆಸಿ ಹಿಂಡಿದ ಟಿಶ್ಯೂ ಅಥವಾ ಪಾಚಿ ಇರಲಿ.

2. ನೀರು ಸರಿಯಿರಲಿ. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ತೆರೆದ ಪಾತ್ರೆಯಲ್ಲಿ 24 ಗಂಟೆ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಬಳಸುವ ಕ್ಲೋರಮಿನ್ ಹಾಗೆ ಹೋಗೋದಿಲ್ಲ, ಅದಕ್ಕೆ ಅಕ್ವೇರಿಯಂ ಕಂಡೀಷನರ್ ಬೇಕು. ಇಂಥ ಕಂಡೀಷನರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಮಿಸ್ಟ್ರಿ ಲ್ಯಾಬಿನ ಟೈಟ್ರೇಷನ್‌ನಲ್ಲಿ ನೋಡಿದ ಸೋಡಿಯಂ ಥಯೋಸಲ್ಫೇಟ್.

3. ಶಂಖ ತೊಳೆಯಿರಿ. ಅದರ ಹಳೆಯ ಶಂಖ, ಜೊತೆಗೆ ಅದಕ್ಕಿಂತ ತುಸು ದೊಡ್ಡದಾದ ಎರಡು ಮೂರು ಶಂಖಗಳನ್ನು ಐದು ನಿಮಿಷ ಕುದಿಸಿ, ಪೂರ್ತಿ ಆರಿಸಿ. ಆಮೇಲೆ ಅಕ್ವೇರಿಯಂ ಉಪ್ಪುನೀರಲ್ಲಿ ಅದ್ದಿ ಬಗ್ಗಿಸಿ, ಒಳಗೆ ಕೆಲವು ಹನಿ ಉಳಿಯಲಿ.

4. ಹತ್ತಿರ ಇಡಿ, ತುರುಕಬೇಡಿ. ಶಂಖಗಳ ಬಾಯಿ ಮೇಲೆ ಬರುವಂತೆ ಏಡಿಯ ಪಕ್ಕದಲ್ಲಿಡಿ. ಅಲ್ಲಾಡಲೂ ಆಗದಷ್ಟು ನಿತ್ರಾಣವಾಗಿದ್ದರೆ ಒಂದು ಸಣ್ಣ ಕಪ್ಪಿನಲ್ಲಿ ಶಂಖ ಮತ್ತು ಏಡಿ ಎರಡನ್ನೂ ಇಟ್ಟು, ತಳ ಒದ್ದೆಯಾಗುವಷ್ಟೇ ಉಪ್ಪುನೀರು ಹಾಕಿ. ಜಾಗ ಇಕ್ಕಟ್ಟಾಗಿದ್ದರೆ ಅದರ ಹೊಟ್ಟೆ ತಾನಾಗಿಯೇ ಶಂಖದ ಬಾಯಿ ಹುಡುಕುತ್ತದೆ. ಏಡಿ ಮುಳುಗಬಾರದು. ನೆಲದ ಏಡಿ ನೀರಲ್ಲಿ ಮುಳುಗಿಯೇ ಇದ್ದರೆ ಸಾಯುತ್ತದೆ.

5. ಕತ್ತಲು ಮಾಡಿ, ದೂರ ಹೋಗಿ. ಡಬ್ಬಿಯ ಮೇಲೆ ಬಟ್ಟೆ ಹಾಕಿ ಕೆಲವು ಗಂಟೆ ಬಿಟ್ಟುಬಿಡಿ. ರಿಸಲ್ಟ್ ಪೇಜ್ ರಿಫ್ರೆಶ್ ಮಾಡಿದ ಹಾಗೆ ಐದು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಅದಕ್ಕೆ ಧೈರ್ಯವೇ ಬರೋದಿಲ್ಲ.

ಆರ್ದ್ರತೆ ಸರಿಯಿದ್ದರೆ ಕೆಲವು ಏಡಿಗಳು ಕೆಲ ದಿನ ಹಾಗೇ ಇದ್ದು, ಆಮೇಲೆ ಶಂಖ ಸೇರಿಕೊಳ್ಳುವುದುಂಟು. ಅಷ್ಟೂ ದಿನ ಡಬ್ಬಿಯಲ್ಲಿ ಚೂರು ಆಹಾರ, ಒದ್ದೆ ಪಾಚಿ ಇರಲಿ. ಇಷ್ಟೆಲ್ಲ ಮಾಡಿದರೂ ಎಲ್ಲ ಏಡಿಗಳೂ ಉಳಿಯೋದಿಲ್ಲ. ಆದರೆ ಉಳಿಯುವ ಅವಕಾಶ ಇರುವುದು ಈ ದಾರಿಯಲ್ಲೇ.

ಎಂಥ ಶಂಖ ಬೇಕು?

ದೊಡ್ಡ ಇಕ್ಕಳವೇ ಏಡಿಯ ಬಾಗಿಲು. ಒಳಗೆ ಹೋದ ಮೇಲೆ ಅದನ್ನೇ ಅಡ್ಡ ಇಟ್ಟು ಬಾಯಿ ಮುಚ್ಚುತ್ತದೆ. ಹಾಗಾಗಿ ಶಂಖದ ಬಾಯಿಯ ಅಗಲ ದೊಡ್ಡ ಇಕ್ಕಳದ ಅಗಲಕ್ಕಿಂತ ತುಸು ಹೆಚ್ಚಿರಲಿ. ಬಾಯಿ ದುಂಡಗಿರುವ ಟರ್ಬೊ ಜಾತಿಯ ಶಂಖ ಹೆಚ್ಚಿನ ನೆಲದ ಏಡಿಗಳಿಗೆ ಹಿಡಿಸುತ್ತದೆ. ಬಣ್ಣ ಬಳಿದದ್ದು ಬೇಡವೇ ಬೇಡ.

ಇದು ಒಂದು ಡಿಸೈನ್ ಪ್ರಾಬ್ಲಮ್ ಕೂಡ. ಒಳಗೆ ಜಾಗ ಹೆಚ್ಚು ಬೇಕು, ತೂಕ ಕಡಿಮೆ ಬೇಕು, ಗೋಡೆ ಗಟ್ಟಿ ಬೇಕು, ನೀರು ನಿಲ್ಲಬೇಕು. ಮಾರ್ಕ್ ಲೈಡ್ರೆ ಎಂಬ ಜೀವವಿಜ್ಞಾನಿ ಕೋಸ್ಟರಿಕಾದ ಪೆಸಿಫಿಕ್ ತೀರದ ನೆಲದ ಏಡಿಗಳ ಬಗ್ಗೆ 2012ರಲ್ಲಿ ಬರೆದದ್ದು ಇಲ್ಲಿ ನೆನಪಾಗುತ್ತದೆ. ಅವು ಶಂಖದ ನಡುಗಂಬವನ್ನು ಸವೆಸಿ, ಒಳಗನ್ನು ಕೊರೆದು, ಜಾಗ ಹೆಚ್ಚಿಸಿ ತೂಕ ಇಳಿಸುತ್ತವೆ. ಹಾಗೆ ಕೊರೆದ ಶಂಖ ಒಂದರಿಂದ ಇನ್ನೊಂದು ಏಡಿಗೆ ದಾಟುತ್ತಾ ಹೋಗುತ್ತದೆ. ಆದ್ದರಿಂದ ಏಡಿ ನಿಮ್ಮ ಹೊಸ, ಹೊಳೆಯುವ ಶಂಖ ಬಿಟ್ಟು ಸವೆದ ಹಳೆಯದಕ್ಕೇ ಹೋದರೆ ಆಶ್ಚರ್ಯಪಡಬೇಡಿ.

ಒಂದು ಶಂಖ, ಹಲವು ಮನೆ

ಸಮಾಜವಿಜ್ಞಾನಿ ಇವಾನ್ ಚೇಸ್ 1980ರ ದಶಕದಲ್ಲಿ ಹರ್ಮಿಟ್ ಏಡಿಗಳ ‘ಖಾಲಿ ಜಾಗದ ಸರಪಳಿ’ಯನ್ನು ಅಧ್ಯಯನ ಮಾಡಿದರು. ಒಂದು ದೊಡ್ಡ ಶಂಖ ಸಿಕ್ಕಾಗ ದೊಡ್ಡ ಏಡಿ ಅದಕ್ಕೆ ಹೋಗುತ್ತದೆ. ಅದು ಬಿಟ್ಟದ್ದಕ್ಕೆ ಅದಕ್ಕಿಂತ ಚಿಕ್ಕದು, ಅದು ಬಿಟ್ಟದ್ದಕ್ಕೆ ಇನ್ನೂ ಚಿಕ್ಕದು. ಸಿಇಟಿ ಎರಡನೇ ರೌಂಡ್ ನೆನಪಿಸಿಕೊಳ್ಳಿ. ಮೇಲಿನವರೊಬ್ಬರು ಬೇರೆ ಸೀಟಿಗೆ ಹೋದರೆ ಕೆಳಗೆ ಎಷ್ಟು ಜನರ ಅಲಾಟ್‌ಮೆಂಟ್ ಬದಲಾಗುತ್ತದೆ ಅಲ್ವಾ? ಅದೇ ಲೆಕ್ಕ.

ಟ್ಯಾಂಕಿನ ಜಗಳಕ್ಕೆ ಪರಿಹಾರ ಇಲ್ಲೇ ಇದೆ. ಚಿಕ್ಕ ಏಡಿಯನ್ನು ದೊಡ್ಡದು ಹೊರಗಟ್ಟಿದ್ದರೆ, ಚಿಕ್ಕದಕ್ಕೆ ಮಾತ್ರ ಶಂಖ ಕೊಟ್ಟರೆ ಸಾಲದು. ಜಗಳ ತೆಗೆದ ಏಡಿಗೂ ಸರಿಹೊಂದುವ ಶಂಖ ಬೇಕು. ಒಂದು ಏಡಿಗೆ ಮೂರರಿಂದ ಐದು ಖಾಲಿ ಶಂಖ, ಬೇರೆ ಬೇರೆ ಅಳತೆಯಲ್ಲಿ, ಯಾವಾಗಲೂ ಇರಲಿ.

ಟ್ಯಾಂಕನ್ನು ಸರಿಮಾಡುವುದು

ಉಷ್ಣತೆ 24ರಿಂದ 29 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 80ರ ಆಸುಪಾಸು ಇರಬೇಕು. ಇದನ್ನು ಸ್ವಲ್ಪ ಲೆಕ್ಕ ಹಾಕೋಣ. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 25.8 ಗ್ರಾಂ. ಅದರ ಶೇ. 80 ಅಂದ್ರೆ 20.6 ಗ್ರಾಂ. 40 ಲೀಟರ್ ಟ್ಯಾಂಕಿನ ಗಾಳಿಯಲ್ಲಿ ಇರುವುದು ಬರೀ 0.8 ಗ್ರಾಂ! ಈಗ ಎಸಿ ರೂಮಿನ ಗಾಳಿ 24 ಡಿಗ್ರಿ, ಶೇ. 50 ಆರ್ದ್ರತೆ ಅಂತಿಟ್ಟುಕೊಳ್ಳಿ. ಮುಚ್ಚಳ ತೆರೆದಾಗ ಆ ಗಾಳಿ ಟ್ಯಾಂಕಿಗೆ ತುಂಬಿ 27 ಡಿಗ್ರಿಗೆ ಬಿಸಿಯಾದರೆ ಆರ್ದ್ರತೆ ಸುಮಾರು ಶೇ. 42ಕ್ಕೆ ಇಳಿಯುತ್ತದೆ.

ಇದನ್ನು ಮತ್ತೆ ಮೇಲೆತ್ತುವುದು ಒದ್ದೆ ಮರಳು. ಅದರಲ್ಲಿರುವ ನೂರಾರು ಗ್ರಾಂ ನೀರು ಫಿಲ್ಟರ್ ಕೆಪಾಸಿಟರ್ ಥರ ಏರಿಳಿತವನ್ನು ಸರಿದೂಗಿಸುತ್ತದೆ. ಸ್ಪ್ರೇ ಬಾಟಲಿಗಿಂತ ಗಟ್ಟಿ ಮುಚ್ಚಳ ಮತ್ತು ಆಳದ ಮರಳು ಮುಖ್ಯ. ಐದು ಪಾಲು ಮರಳು, ಒಂದು ಪಾಲು ಕೊಕೊಪೀಟ್ ಸೇರಿಸಿ, ಕೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲುವಷ್ಟು ಒದ್ದೆ ಮಾಡಿ, ಕನಿಷ್ಠ 15 ಸೆಂಟಿಮೀಟರ್ ಆಳಕ್ಕೆ ತುಂಬಿ. ಹೀಟರ್ ಪ್ಯಾಡನ್ನು ಹಿಂದಿನ ಗೋಡೆಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ. ಅಡಿಗೆ ಇಟ್ಟರೆ ಹೂತುಕೊಂಡ ಏಡಿ ಬೇಯುತ್ತದೆ.

ಅಳೆಯೋಕೆ ಡಿಎಚ್‌ಟಿ11ಗಿಂತ ಡಿಎಚ್‌ಟಿ22 ಸೆನ್ಸರ್ ಒಳ್ಳೆಯದು, ಯಾಕಂದ್ರೆ ಶೇ. 80 ಅನ್ನೋದು ಡಿಎಚ್‌ಟಿ11ರ ಮಿತಿಯ ಅಂಚಿನಲ್ಲಿದೆ. ಪರೀಕ್ಷೆ ಮಾಡೋಕೆ ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಸರಾಗುವಷ್ಟು ನೀರು ಹಾಕಿ, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ರೀಡಿಂಗ್ ಶೇ. 75ರ ಹತ್ತಿರ ಬರಬೇಕು. ಬಾರದಿದ್ದರೆ ಆ ವ್ಯತ್ಯಾಸವನ್ನು ಕೋಡಿನಲ್ಲಿ ಸರಿಪಡಿಸಿ.

ಟ್ಯಾಂಕಿನಲ್ಲಿ ಎರಡು ನೀರಿನ ತಟ್ಟೆ ಬೇಕು, ಒಂದು ಸಿಹಿನೀರು, ಒಂದು ಉಪ್ಪುನೀರು. ಉಪ್ಪುನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಸಮುದ್ರ ಉಪ್ಪು ಹಾಕಿ. ಅಡುಗೆ ಉಪ್ಪು ಇಲ್ಲಿ ನಡೆಯೋದಿಲ್ಲ, ಸಮುದ್ರದ ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಅದರಲ್ಲಿಲ್ಲ. ಏಡಿ ಹತ್ತಿ ಹೊರಬರಲು ತಟ್ಟೆಯಲ್ಲಿ ಒಂದೆರಡು ಕಲ್ಲಿಡಿ.

ಬೀಚಿನಿಂದ ತರಬೇಡಿ

ಟ್ರಿಪ್ ಹೋದಾಗ ಮಲ್ಪೆ, ಕಾರವಾರದ ಬಂಡೆಗಳ ನಡುವಿನ ನೀರಲ್ಲಿ ಕಾಣುವ ಹರ್ಮಿಟ್ ಏಡಿಗಳು ಬಹುತೇಕ ಸಮುದ್ರದ ಜಾತಿಗಳು. ಮೇಲೆ ಹೇಳಿದ ಟ್ಯಾಂಕಿನಲ್ಲಿ ಅವು ಬದುಕೋದಿಲ್ಲ. ಅಂಡಮಾನಿನಲ್ಲಾದರೆ ಇನ್ನೂ ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ತೆಂಗಿನಕಾಯಿ ಏಡಿ ಮರಿಯಾಗಿದ್ದಾಗ ಶಂಖ ಹೊತ್ತೇ ತಿರುಗುತ್ತದೆ, ಥೇಟ್ ಹರ್ಮಿಟ್ ಏಡಿಯ ಹಾಗೆ. ಕೆಲವು ಶಂಖಗಳಿಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಜಪಾನ್ ತನ್ನ ನೆಲದ ಹರ್ಮಿಟ್ ಏಡಿಗಳನ್ನು 1970ರಲ್ಲೇ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿದೆ.

ಈ ಏಡಿಗಳ ಮರಿಗಳು ಸಮುದ್ರದಲ್ಲೇ ಬೆಳೆಯಬೇಕಾದ್ದರಿಂದ ಮನೆಯಲ್ಲಿ ಮರಿ ಮಾಡಿಸೋದು ಬಹಳ ಕಷ್ಟ. ಅಂಗಡಿಯಲ್ಲಿರುವವು ಬಹುತೇಕ ಕಡಲತೀರದಿಂದ ಹಿಡಿದು ತಂದವೇ. ಹೊಸದಾಗಿ ಕೊಳ್ಳುವ ಬದಲು, ಯಾರೋ ಬೇಜಾರಾಗಿ ಬಿಟ್ಟ ಏಡಿಯನ್ನು ತಂದು ಸಾಕಿದರೆ ಒಂದು ಜೀವಕ್ಕೆ ನೆರವಾದ ಹಾಗೆ. ಬೀಚಿನಲ್ಲಿ ಚೆಂದದ ಶಂಖ ಕಂಡರೆ ಫೋಟೋ ತೆಗೆದುಕೊಂಡು ಅಲ್ಲೇ ಬಿಟ್ಟು ಬನ್ನಿ. ಅದಕ್ಕಾಗಿ ಕಾಯುತ್ತಿರುವ ಏಡಿಗಳ ಸಾಲು ಅಲ್ಲೇ ಎಲ್ಲೋ ಇರುತ್ತದೆ.