ಗಾಜಿನ ತೊಟ್ಟಿಯ ಕಾಣದ ಒಕ್ಕಲು

ಬಣ್ಣದ ಮೀನುಗಳನ್ನು ಕೊಂಡು ತಂದು, ಅಂದೇ ಹೊಸ ಗಾಜಿನ ತೊಟ್ಟಿಯಲ್ಲಿ ಬಿಟ್ಟು ಹಿಗ್ಗುವವರು ಹಲವರು. ಎರಡು ವಾರ ಕಳೆಯುವುದರೊಳಗೆ ಆ ಮೀನುಗಳು ಒಂದೊಂದಾಗಿ ಸತ್ತು ತೇಲುವುದುಂಟು. ನೀರು ತಿಳಿಯಾಗಿಯೇ ಇರುತ್ತದೆ, ಆಹಾರಕ್ಕೂ ಕೊರತೆಯಿರುವುದಿಲ್ಲ. ಹಾಗಾದರೆ ಅವು ಸಾಯುವುದೇಕೆ?

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಈ ಬಗೆಯ ತೊಡಕನ್ನು ಪ್ರಯೋಗದ ಮೂಲಕ ಬಿಡಿಸಲು ಯತ್ನಿಸಿದನು. ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊನ್ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇರಿಸಿದನು. ಗಿಡವು ಬಿಡುವ ಆಮ್ಲಜನಕವು ಮೀನಿಗೂ, ಮೀನು ಬಿಡುವ ಇಂಗಾಲದ ಡೈ ಆಕ್ಸೈಡು ಗಿಡಕ್ಕೂ ಒದಗುವುದೆಂಬುದು ಅವನ ಎಣಿಕೆ. ಆದರೆ ಹಳೆಯ ಎಲೆಗಳು ಕೊಳೆತು ನೀರು ಕೆಟ್ಟಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದವು. ಅವುಗಳ ಮೊಟ್ಟೆ ಮೀನಿಗೆ ತಿನಿಸಾಯಿತು. 1850ರಲ್ಲಿ ಅವನು ಈ ಪ್ರಯೋಗವನ್ನು ಪ್ರಕಟಿಸಿದನು.

ವಾರಿಂಗ್ಟನ್ನನ ಕಣ್ಣಿಗೆ ಬೀಳದ ಒಕ್ಕಲೊಂದು ಇಂಥ ನೀರಿನಲ್ಲಿ ಇರುತ್ತದೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಉಂಟಾಗುತ್ತದೆ. ಬಣ್ಣವಿಲ್ಲದ ಈ ವಿಷವೇ ಹೊಸ ತೊಟ್ಟಿಯ ಮೀನುಗಳನ್ನು ಕೊಲ್ಲುವುದು. ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟಾಗಿ ಬದಲಿಸುತ್ತವೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ; ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಜೀವಿಗಳು ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ನೆಲೆಗೊಂಡು ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದುದರಿಂದ ಮೀನು ಬರುವುದಕ್ಕೆ ಮೊದಲೇ ತೊಟ್ಟಿ ಸಿದ್ಧವಾಗಬೇಕು. ಅಂಗಡಿಗಳಲ್ಲಿ ಸಾಲಾಗಿಟ್ಟ ದುಂಡು ಬೋಗುಣಿಗಳು ನೋಟಕ್ಕೆ ಚೆನ್ನ. ಗೇಣುದ್ದ ಬೆಳೆಯಬಲ್ಲ ಹೊನ್ಮೀನಿಗೆ ಅವು ಸೆರೆಮನೆ. 60 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಅಗಲ ಹಾಗೂ ಅಷ್ಟೇ ಎತ್ತರದ ತೊಟ್ಟಿ ಸಣ್ಣ ಮೀನುಗಳಿಗೆ ತಕ್ಕುದು. ಅದು 54 ಲೀಟರು ನೀರನ್ನು ಹಿಡಿಯುತ್ತದೆ. ನೀರಿನ ತೂಕವೇ 54 ಕಿಲೋಗ್ರಾಂ ಆಗುವುದರಿಂದ ಕೆಳಗಿನ ಮೇಜು ಗಟ್ಟಿಯಾಗಿರಬೇಕು. ನೇರ ಬಿಸಿಲು ಬಿದ್ದರೆ ಪಾಚಿ ಬೆಳೆಯುತ್ತದೆ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಗಳಿಗೂ ಮಾರಕ. ಬಾಯಗಲದ ಪಾತ್ರೆಯಲ್ಲಿ ಒಂದೆರಡು ದಿನ ನಿಲ್ಲಿಸಿದರೆ ಅದು ಹಾರಿಹೋಗುತ್ತದೆ.

ಬಳಿಕ ಶೋಧಕವನ್ನು ನಡೆಸುತ್ತ, ದಿನವೂ ಚಿಟಿಕೆ ಮೀನಿನ ಆಹಾರವನ್ನು ಬರಿಯ ತೊಟ್ಟಿಗೆ ಹಾಕಬೇಕು. ಅದು ಕೊಳೆತು ಹುಟ್ಟುವ ಅಮೋನಿಯವೇ ಬ್ಯಾಕ್ಟೀರಿಯಗಳಿಗೆ ಊಟ. ಮೀನಿಲ್ಲದ ತೊಟ್ಟಿಗೆ ಉಣಿಸುವುದನ್ನು ಕಂಡು ನೆರೆಹೊರೆಯವರು ನಗಬಹುದು! ಪರೀಕ್ಷಾ ದ್ರಾವಣದಿಂದ ನೋಡಿದಾಗ ಅಮೋನಿಯವೂ ನೈಟ್ರೈಟೂ ಇಲ್ಲವಾಗಿ ನೈಟ್ರೇಟು ಮಾತ್ರ ಕಂಡುಬಂದರೆ ತೊಟ್ಟಿ ಮಾಗಿದೆಯೆಂದು ತಿಳಿಯಬಹುದು. ಆಗಲೂ ಮೊದಲು ಗಪ್ಪಿಯಂಥ ಎರಡು ಮೂರು ಪುಟ್ಟ ಮೀನುಗಳು ಸಾಕು. ಅವುಗಳಿರುವ ಚೀಲವನ್ನು ಕಾಲು ಗಂಟೆ ನೀರಿನಲ್ಲಿ ತೇಲಿಬಿಟ್ಟು, ಎರಡೂ ನೀರಿನ ಶಾಖ ಸಮವಾದ ಮೇಲೆ ಬಿಡಬೇಕು. ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ಎಂಬ ಚೆಲುವಾದ ಮೀನು ನಮ್ಮ ಪಶ್ಚಿಮಘಟ್ಟದ ಹೊಳೆಗಳದೇ; ಮಾರಾಟಕ್ಕಾಗಿ ಹಿಡಿದು ಹಿಡಿದು ಅದರ ಸಂತತಿ ಕುಗ್ಗಿದೆ. ಹೊಳೆಯಿಂದ ಹಿಡಿದ ಮೀನನ್ನು ಕೊಳ್ಳದಿರುವುದೇ ಲೇಸು.

ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬಾರದು; ತೊಟ್ಟಿಯಿಂದ ಹೊರತೆಗೆದ ಹಳೆಯ ನೀರಿನಲ್ಲಿಯೇ ಮೆಲ್ಲನೆ ಹಿಂಡಿ ತೆಗೆಯಬೇಕು.